ತಟ್ಟೆಯಲ್ಲಿ ಬೆಳೆವ ಮರಕ್ಕೆ ಗೊಬ್ಬರ: ಎಷ್ಟು, ಯಾವಾಗ, ಏಕೆ?

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬೋನ್ಸಾಯ್ ಮರದ ಮಾತೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರಿಗಾದರೂ ಅನಿಸಬಹುದು. ಮೂರು ಬೆರಳು ಆಳದ ತಟ್ಟೆಯಲ್ಲಿ ಆಲದ ಮರ ಸಾಕುವುದು ಪಟ್ಟಣದವರ ಹವ್ಯಾಸ, ಮಳೆಯನ್ನೂ ಕೊಳವೆ ಬಾವಿಯನ್ನೂ ನಂಬಿ ಬದುಕುವ ನಮಗೆ ಅದರಿಂದ ಆಗಬೇಕಾದುದೇನು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಈ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ನಮ್ಮ ಸದಸ್ಯರ ಮನೆಗಳ ಜಗುಲಿಯ ಮೇಲೂ ಈಗ ಒಂದೆರಡು ಬೋನ್ಸಾಯ್ ಕುಂಡಗಳು ಕಾಣಸಿಗುತ್ತವೆ, ಅವು ಗೊಬ್ಬರದ ತಪ್ಪಿನಿಂದಲೇ ಹೆಚ್ಚಾಗಿ ಸಾಯುತ್ತವೆ ಎಂಬುದು ಒಂದು. ಹಿತ್ತಲಲ್ಲಿ ಪಾಲಿಥೀನ್ ಚೀಲಗಳಲ್ಲಿ ನಾವು ಬೆಳೆಸುವ ಅಡಿಕೆ ಸಸಿಗೂ ಕಾಫಿ ಸಸಿಗೂ ಈ ತಟ್ಟೆಯ ಮರದ ನಿಯಮವೇ ಅನ್ವಯಿಸುತ್ತದೆ ಎಂಬುದು ಇನ್ನೊಂದು. ಹತ್ತು ವರ್ಷ ಸಾಕಿದ ಬೋನ್ಸಾಯ್ ಹೋದರೆ ಮನಸ್ಸಿಗೆ ನೋವು. ವರ್ಷ ಕಾದು ಬೆಳೆಸಿದ ಸಸಿಗಳು ಹೋದರೆ ತೋಟವೇ ಒಂದು ವರ್ಷ ಹಿಂದೆ ಬೀಳುತ್ತದೆ.

ಬೋನ್ಸಾಯ್ ಎಂದರೆ ಯಾವುದು?

‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ಮಾತು ಜಪಾನೀ ಭಾಷೆಯದು, ವಿದ್ಯೆ ಚೀನಾದಿಂದ ಅಲ್ಲಿಗೆ ಹೋದದ್ದು. ನಮ್ಮಲ್ಲಿ ಇದನ್ನು ವಾಮನ ವೃಕ್ಷ ಎಂದೂ ಕುಬ್ಜ ಮರ ಎಂದೂ ಕರೆಯುತ್ತಾರೆ. ಇದು ಗಿಡ್ಡ ತಳಿಯ ಗಿಡವಲ್ಲ. ಊರ ಮುಂದಿನ ಅರಳಿಯೂ ಬೋನ್ಸಾಯ್ ಅರಳಿಯೂ ಒಂದೇ ಬೀಜದವು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ಮರಗಳಿಗೆಂದೇ ಒಂದು ಭಾಗವಿದೆ. ನಮಗೆ ಇನ್ನೂ ಹತ್ತಿರವೆಂದರೆ ಮೈಸೂರಿನ ಅವಧೂತ ದತ್ತ ಪೀಠದ ಆವರಣದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ. ಗುಂಡ್ಲುಪೇಟೆಯಿಂದ ನಂಜನಗೂಡಿನ ಮೇಲೆ ಮೈಸೂರಿಗೆ ಹೋಗುವವರು ದಾರಿಯಲ್ಲೇ ಇಳಿದು ನೋಡಬಹುದು.

ನಮ್ಮ ಕಡೆಯ ಆಲ, ಅರಳಿ, ಅತ್ತಿ, ಗೋಣಿ, ಹುಣಸೆ, ಬೇವು, ದಾಳಿಂಬೆ ಇವೆಲ್ಲ ತಟ್ಟೆಗೆ ಒಗ್ಗುತ್ತವೆ. ಕಾಫಿ ಗಿಡವೂ ಒಗ್ಗುತ್ತದೆ. ಅಡಿಕೆ ಮಾತ್ರ ಒಗ್ಗದು. ಅಡಿಕೆಗೆ ಇರುವುದು ಒಂದೇ ಸುಳಿ, ಅದನ್ನು ಕತ್ತರಿಸಿದರೆ ಪಕ್ಕದಿಂದ ಚಿಗುರುವ ಗುಣ ಅದಕ್ಕಿಲ್ಲ.

ಉಪವಾಸದಿಂದ ಮರ ಗಿಡ್ಡವಾಗುವುದಿಲ್ಲ

ಬೋನ್ಸಾಯ್ ಬಗ್ಗೆ ಇರುವ ಮುಖ್ಯ ತಪ್ಪು ಕಲ್ಪನೆ ಎಂದರೆ, ಅದಕ್ಕೆ ಗೊಬ್ಬರ ಕೊಡದೆ ಹಸಿವಿನಲ್ಲಿಟ್ಟು ಕುಳ್ಳಗೆ ಮಾಡುತ್ತಾರೆ ಎಂಬುದು. ಇದು ನಿಜವಲ್ಲ. ಮರ ಚಿಕ್ಕದಾಗಿರುವುದು ಕತ್ತರಿಯಿಂದ. ಮೇಲೆ ಚಿಗುರನ್ನು ಚಿವುಟುತ್ತಾರೆ, ಎರಡು ಮೂರು ವರ್ಷಕ್ಕೊಮ್ಮೆ ತಟ್ಟೆಯಿಂದ ತೆಗೆದು ಬೇರನ್ನು ಸವರುತ್ತಾರೆ. ಹಸಿವಿನಲ್ಲಿಟ್ಟ ಮರ ಚಿಕ್ಕದಾಗುವುದಿಲ್ಲ, ಬಡಕಲಾಗುತ್ತದೆ. ಎಲೆ ಉದುರಿ, ಕೊಂಬೆ ಒಣಗಿ, ಕೊನೆಗೆ ಸಾಯುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಎರಡಾಳು ಎತ್ತರವನ್ನೂ ಮೀರುತ್ತದೆ. ನಾವು ಎರಡೂವರೆ ಅಡಿಯಲ್ಲಿ ಒಮ್ಮೆ ತಲೆ ಚಿವುಟಿ, ಐದಡಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಚಿವುಟಿ, ಕುಯ್ಲು ಮುಗಿದ ಮೇಲೆ ವರ್ಷವರ್ಷವೂ ಕಸಿ ಮಾಡಿ ಅದನ್ನು ಕೈಗೆಟುಕುವಂತೆ ಇಡುತ್ತೇವೆ. ಹಾಗೆಂದು ಅದಕ್ಕೆ ಗೊಬ್ಬರ ನಿಲ್ಲಿಸುತ್ತೇವೆಯೇ? ಇಲ್ಲ. ಕತ್ತರಿಸಿದ ಗಿಡ ಮತ್ತೆ ಚಿಗುರಬೇಕಾದುದರಿಂದ ಅದಕ್ಕೆ ಊಟ ತಪ್ಪಬಾರದು ಎಂದೇ ಹೂವಿಗೆ ಮೊದಲು, ಹೂವಿನ ನಂತರ, ನಡು ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ಎಂದು ಕಂತುಗಳಲ್ಲಿ ಕೊಡುತ್ತೇವೆ. ಬೋನ್ಸಾಯ್ ಸಾಕುವವರು ಮಾಡುವುದೂ ಇದನ್ನೇ. ಅವರ ಕಂತುಗಳು ಇನ್ನೂ ಚಿಕ್ಕವು, ಇನ್ನೂ ಹೆಚ್ಚು ಸಲ ಬರುವಂಥವು, ಅಷ್ಟೇ ವ್ಯತ್ಯಾಸ.

ಲೆಕ್ಕ ಮರದ್ದಲ್ಲ, ಮಣ್ಣಿನದು

ಈ ಲೇಖನದ ತಿರುಳು ಇಲ್ಲಿದೆ. ಗೊಬ್ಬರದ ಒಂದು ಸಲದ ಪ್ರಮಾಣವನ್ನು ಮರದ ವಯಸ್ಸು ನೋಡಿ ಗೊತ್ತುಮಾಡಬಾರದು, ಬೇರಿನ ಸುತ್ತ ಇರುವ ಮಣ್ಣನ್ನು ನೋಡಿ ಗೊತ್ತುಮಾಡಬೇಕು.

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಇದರಲ್ಲಿ ಸಾರಜನಕವನ್ನು ಯೂರಿಯಾ ರೂಪದಲ್ಲಿ ಕೊಟ್ಟರೆ ಸುಮಾರು 217 ಗ್ರಾಂ ಆಗುತ್ತದೆ. ಅಡಿಕೆಯ ಹೆಚ್ಚಿನ ಬೇರುಗಳಿರುವುದು ಬುಡದಿಂದ ಮುಕ್ಕಾಲು ಮೀಟರ್ ಸುತ್ತಳತೆಯೊಳಗೆ. ಎರಡಡಿ ಆಳದವರೆಗೆ ಲೆಕ್ಕ ಹಿಡಿದರೆ ಅಲ್ಲಿರುವ ಮಣ್ಣು ಹತ್ತಿರ ಹತ್ತಿರ 1000 ಲೀಟರ್. ಇನ್ನು ಒಂದು ಅಡಿ ಉದ್ದ, ಮುಕ್ಕಾಲು ಅಡಿಗೂ ಕಡಿಮೆ ಅಗಲ, ಎರಡು ಇಂಚು ಆಳದ ಬೋನ್ಸಾಯ್ ತಟ್ಟೆಯಲ್ಲಿ ಹಿಡಿಯುವುದು 3 ಲೀಟರ್ ಮಣ್ಣು. ತೋಟದ ಮಣ್ಣಿಗೂ ತಟ್ಟೆಯ ಮಣ್ಣಿಗೂ ಮುನ್ನೂರು ಪಾಲಿಗೂ ಮೀರಿದ ಅಂತರ. ಅಡಿಕೆಗೆ ವರ್ಷವಿಡೀ ಕೊಡುವ ಯೂರಿಯಾವನ್ನು ಅದೇ ಅನುಪಾತದಲ್ಲಿ ತಟ್ಟೆಗೆ ಇಳಿಸಿದರೆ ಮುಕ್ಕಾಲು ಗ್ರಾಮಿಗೂ ಕಡಿಮೆ. ಒಂದು ಟೀ ಚಮಚ ಯೂರಿಯಾ ಸುಮಾರು 4 ಗ್ರಾಂ ತೂಗುತ್ತದೆ. “ಒಂದೇ ಒಂದು ಚಮಚ ಹಾಕಿದೆ” ಎನ್ನುವವರು ಆ ಮರಕ್ಕೆ ಐದಾರು ವರ್ಷದ ಪಾಲನ್ನು ಒಂದೇ ದಿನ ತಿನ್ನಿಸಿದಂತಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ತೋಟದ ಮಣ್ಣು ಉಗ್ರಾಣವಿದ್ದಂತೆ. ಜೇಡಿಯೂ ಕೊಳೆತ ಎಲೆಯೂ ಗೊಬ್ಬರವನ್ನು ಹಿಡಿದಿಟ್ಟು ಬೇಕಾದಾಗ ಬಿಟ್ಟುಕೊಡುತ್ತವೆ. ಮೇಲ್ಮಣ್ಣಿನಲ್ಲಿ ಖಾಲಿಯಾದರೆ ಬೇರು ಆಚೆಗೆ ಹರಿದು ಹುಡುಕಿಕೊಳ್ಳುತ್ತದೆ. ತಟ್ಟೆಯಲ್ಲಿ ಉಗ್ರಾಣವಿಲ್ಲ. ನೀರು ಬಸಿಯಲೆಂದು ಅಲ್ಲಿ ದಪ್ಪ ಮರಳನ್ನೂ ಇಟ್ಟಿಗೆ ಚೂರನ್ನೂ ಬೆರೆಸಿರುತ್ತಾರೆ. ದಿನವೂ ಹಾಕುವ ನೀರು ಗೊಬ್ಬರದ ಸತ್ವವನ್ನು ತಳದ ತೂತಿನಿಂದ ಹೊರಕ್ಕೆ ಒಯ್ಯುತ್ತದೆ. ಬೇರು ಹರಿಯಲು ಬೇರೆ ಜಾಗವೇ ಇಲ್ಲ. ಆದ್ದರಿಂದ ಒಮ್ಮೆ ಕೊಟ್ಟು ಆರು ತಿಂಗಳು ಮರೆಯುವ ಪದ್ಧತಿ ಇಲ್ಲಿ ನಡೆಯದು. ವರ್ಷದ ಮೊತ್ತ ಅನುಪಾತಕ್ಕಿಂತ ಹೆಚ್ಚೇ ಆಗಬಹುದು, ಆದರೆ ಒಂದು ಸಲದ ತುತ್ತು ಬಹಳ ಚಿಕ್ಕದಾಗಿರಬೇಕು. ಕೂಸಿಗೆ ಊಟ ಮಾಡಿಸುವ ಕ್ರಮವೇ ಇದು.

ಗೊಬ್ಬರ ‘ಸುಡುವುದು’ ಹೇಗೆ?

ಗೊಬ್ಬರ ಹೆಚ್ಚಾಗಿ ಗಿಡ ಸುಟ್ಟುಹೋಯಿತು ಎನ್ನುತ್ತೇವೆ. ಅಲ್ಲಿ ನಡೆಯುವುದು ಬೆಂಕಿಯ ಕೆಲಸವಲ್ಲ, ಉಪ್ಪಿನ ಕೆಲಸ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಸವರಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಸುಕ್ಕಾಗಿ, ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಕ್ಕೆ ಬಂತು. ರಸಗೊಬ್ಬರಗಳೆಲ್ಲ ಒಂದು ಬಗೆಯ ಲವಣಗಳನ್ನು ಮಣ್ಣಿನ ನೀರಿಗೆ ಸೇರಿಸುವಂಥವು. ಮಣ್ಣಿನ ನೀರು ಬೇರಿನೊಳಗಿನ ರಸಕ್ಕಿಂತ ಗಾಢವಾದರೆ ಬೇರು ನೀರನ್ನು ಹೀರಲಾರದು, ತನ್ನಲ್ಲಿದ್ದುದನ್ನೂ ಕಳೆದುಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದರೂ ಗಿಡ ಬಾಡುವುದು ಇದರಿಂದ. ಎಷ್ಟೋ ಜನ ಬಾಡಿದ್ದು ಕಂಡು, ಸತ್ವ ಸಾಲದೆಂದು ಭಾವಿಸಿ ಇನ್ನೊಂದು ಚಿಟಿಕೆ ಗೊಬ್ಬರ ಹಾಕುತ್ತಾರೆ. ಮರ ಹೋಗುವುದು ಈ ಎರಡನೆಯ ಚಿಟಿಕೆಗೆ.

ಗುರುತುಗಳು ಇವು: ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗುವುದು, ಕುಂಡದ ಅಂಚಿನಲ್ಲೂ ಮಣ್ಣಿನ ಮೇಲೂ ಬಿಳಿ ಪೊರೆ ಕಟ್ಟುವುದು, ಒದ್ದೆ ಮಣ್ಣಿನಲ್ಲೇ ಗಿಡ ಜೋಲುವುದು. ಹೀಗಾದಾಗ ಮದ್ದು ಒಂದೇ, ಬರಿಯ ನೀರು. 3 ಲೀಟರ್ ಮಣ್ಣಿನ ತಟ್ಟೆಗೆ 15 ಲೀಟರ್ ನೀರನ್ನು ಮೂರು ನಾಲ್ಕು ಸಲಕ್ಕೆ ಹಂಚಿ, ನಡುವೆ ಕಾಲು ಗಂಟೆ ಬಿಟ್ಟು, ತಳದಿಂದ ಹರಿದು ಹೋಗುವಂತೆ ಹಾಕಬೇಕು. ಆಮೇಲೆ ನೆರಳಲ್ಲಿಟ್ಟು, ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ಮಾತೆತ್ತಬಾರದು.

ಯಾವ ಗೊಬ್ಬರ, ಎಷ್ಟು?

ಮೊದಲನೆಯದು ಮಣ್ಣು. ಜರಡಿ ಹಿಡಿದು ಧೂಳು ತೆಗೆದ ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಒಂದು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು. ಹಸಿ ಸಗಣಿ ಎಂದಿಗೂ ಬೇಡ. ತಟ್ಟೆಯಲ್ಲಿ ಅದು ಕಳಿಯುವಾಗ ಏಳುವ ಕಾವೂ ಅಮೋನಿಯವೂ ಬೇರಿಗೆ ಕೇಡು. ಮಣ್ಣು ಬದಲಿಸುವಾಗ ಒಂದು ಚಮಚ ಮೂಳೆ ಪುಡಿ ಬೆರೆಸಿದರೆ ರಂಜಕ ನಿಧಾನವಾಗಿ ಸಿಗುತ್ತದೆ.

ಎರಡನೆಯದು ಹಿಂಡಿ. ಜಪಾನಿನವರು ಎಣ್ಣೆ ತೆಗೆದ ಸಾಸಿವೆ ಜಾತಿಯ ಕಾಳಿನ ಹಿಂಡಿಯನ್ನು ಉಂಡೆ ಕಟ್ಟಿ ಮಣ್ಣಿನ ಮೇಲೆ ಇಡುತ್ತಾರೆ. ನೀರು ಹಾಕಿದಾಗಲೆಲ್ಲ ಅಷ್ಟಷ್ಟೇ ಸತ್ವ ಇಳಿಯುತ್ತದೆ. ನಮಗೆ ಹೊಂಗೆ ಹಿಂಡಿ, ಬೇವಿನ ಹಿಂಡಿ ಇವೆ. ಹೊಂಗೆಯಲ್ಲಿ ನೂರಕ್ಕೆ ಸುಮಾರು 4 ಪಾಲು, ಬೇವಿನಲ್ಲಿ 5 ಪಾಲು, ಕಡಲೆಕಾಯಿ ಹಿಂಡಿಯಲ್ಲಿ 7 ಪಾಲು ಸಾರಜನಕವಿದೆ. ಕಡಲೆಕಾಯಿ ಹಿಂಡಿಗೆ ಇಲಿ, ಇರುವೆ ಬರುವುದರಿಂದ ಮೊದಲಿನ ಎರಡೇ ಮೇಲು. ಹಿಂಡಿ ಪುಡಿಯನ್ನು ನೀರಲ್ಲಿ ಕಲಸಿ ಹುಣಸೆ ಬೀಜದ ಗಾತ್ರದ ಉಂಡೆ ಮಾಡಿ ಒಣಗಿಸಿ, ಕಾಂಡಕ್ಕೆ ತಾಗದಂತೆ ತಟ್ಟೆಯ ನಾಲ್ಕು ಮೂಲೆಗೆ ಒಂದೊಂದು ಇಟ್ಟರೆ ಒಂದೆರಡು ತಿಂಗಳಿಗೆ ಸಾಕು.

ದ್ರವ ಮಾಡಿ ಕೊಡುವುದಾದರೆ 100 ಗ್ರಾಂ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ಹಾಕಿ, ಬಾಯಿ ಬಿಗಿಯದೆ ಬಟ್ಟೆ ಕಟ್ಟಿ, ಮೂರು ವಾರ ಕೊಳೆಯಲು ಬಿಡಬೇಕು. ಮೇಲಿನ ತಿಳಿಯನ್ನು ಸೋಸಿ, ಒಂದು ಪಾಲಿಗೆ ಇಪ್ಪತ್ತು ಪಾಲು ನೀರು ಬೆರೆಸಬೇಕು. ಹಾಲು ಹಾಕದ ತಿಳಿ ಚಹದ ಬಣ್ಣ ಬಂದರೆ ಹದ ಸರಿ.

ಮೂರನೆಯದು ರಸಗೊಬ್ಬರ. ಹನಿ ನೀರಾವರಿಯಲ್ಲಿ ಬಿಡುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಗೊಬ್ಬರ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಅದೇ ಸಾಕು. ಲೀಟರಿಗೆ ಅರ್ಧ ಗ್ರಾಂ ಲೆಕ್ಕ, ಎಂದರೆ 10 ಲೀಟರ್ ಬಕೀಟಿಗೆ 5 ಗ್ರಾಂ, ತಲೆ ಸವರಿದ ಒಂದು ಟೀ ಚಮಚ. ಒಂದೇ ಕುಂಡ ಇರುವವರು 10 ಗ್ರಾಮನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಅದರಲ್ಲಿ 50 ಮಿಲಿಯನ್ನು ಅಳೆದು ಮತ್ತೊಂದು ಲೀಟರ್ ನೀರಿಗೆ ಸೇರಿಸಿಕೊಂಡರೆ ಚಿಕ್ಕ ತಕ್ಕಡಿ ಇಲ್ಲದೆಯೂ ಲೆಕ್ಕ ತಪ್ಪದು. ದ್ರವ ತಳದಿಂದ ಜಿನುಗುವವರೆಗೆ ಹಾಕಬೇಕು. ಕಾಳು ಗೊಬ್ಬರವನ್ನು ತಟ್ಟೆಯ ಮೇಲೆ ಎರಚಲೇಬಾರದು.

ಯಾವಾಗ ಕೊಡಬೇಕು, ಯಾವಾಗ ಬೇಡ?

ಪುಸ್ತಕಗಳಲ್ಲಿ ಬರುವ ಕಾಲದ ಪಟ್ಟಿಗಳು ಹಿಮ ಬೀಳುವ ದೇಶಗಳವು. ನಮಗೆ ನಮ್ಮ ಮಳೆಯೇ ಪಂಚಾಂಗ. ಚಾಮರಾಜನಗರ, ಗುಂಡ್ಲುಪೇಟೆ ಕಡೆಗೆ ಮುಂಗಾರಿಗೆ ಮುಂಚಿನ ಭರಣಿ, ಕೃತ್ತಿಕೆ ಮಳೆಯೂ ಹಿಂಗಾರಿನ ಹಸ್ತ, ಚಿತ್ತೆ ಮಳೆಯೂ ಮುಖ್ಯ. ಗಿಡಗಳು ಚಿಗುರುವುದೂ ಈ ಎರಡು ಕಾಲಕ್ಕೆ ಹೊಂದಿಕೊಂಡೇ. ಶಿವರಾತ್ರಿ ಕಳೆದು ಮೊಗ್ಗು ಒಡೆಯುವ ಹೊತ್ತಿನಿಂದ ಮೇ ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ದ್ರವ ಗೊಬ್ಬರ ಕೊಡಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ವಾರಕ್ಕೊಮ್ಮೆ, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮತ್ತೆ ಹದಿನೈದು ದಿನಕ್ಕೊಮ್ಮೆ. ಮಾಗಿಯ ಚಳಿಯಲ್ಲಿ ತಿಂಗಳಿಗೊಮ್ಮೆ ಸಾಕು, ಚಿಗುರು ನಿಂತಿದ್ದರೆ ಅದೂ ಬೇಡ. ಹೂವು ಕಾಯಿ ಬೇಕಾದ ದಾಳಿಂಬೆಯಂಥ ಗಿಡಗಳಿಗೆ ಹೂವಿನ ಕಾಲಕ್ಕೆ ಮುಂಚೆ ಸಾರಜನಕ ತಗ್ಗಿಸಿ ಪೊಟ್ಯಾಷ್ ಹೆಚ್ಚಿಸಬೇಕು. ಇಲ್ಲವಾದರೆ ಬರಿಯ ಎಲೆಯೇ ಬರುತ್ತದೆ.

ಗೊಬ್ಬರ ಕೊಡಬಾರದ ಸಮಯಗಳನ್ನು ಇನ್ನೂ ಚೆನ್ನಾಗಿ ನೆನಪಿಡಬೇಕು. ಬೇರು ಸವರಿ ಹೊಸ ಮಣ್ಣಿಗೆ ಹಾಕಿದ ಮೇಲೆ ಒಂದು ತಿಂಗಳಾದರೂ ಬೇಡ, ಕತ್ತರಿಸಿದ ಬೇರಿನ ತುದಿ ಗಾಯವಿದ್ದಂತೆ. ಮಣ್ಣು ಒಣಗಿರುವಾಗ ಬೇಡ, ಮೊದಲು ಬರಿಯ ನೀರು ಕುಡಿಸಿ ಮರುದಿನ ಕೊಡಬೇಕು. ರೋಗ ಬಂದ, ಬಾಡಿದ ಗಿಡಕ್ಕೆ ಬೇಡ. ಜ್ವರ ಬಂದವನಿಗೆ ಹಬ್ಬದೂಟ ಬಡಿಸುವುದಿಲ್ಲವಷ್ಟೆ. ಉರಿ ಬಿಸಿಲಿನ ನಡು ಮಧ್ಯಾಹ್ನವೂ ಬೇಡ.

ನಮ್ಮ ಕಡೆಯ ನೀರಿನ ತೊಂದರೆ

ಕಾಫಿ ಮಣ್ಣಿಗೆ ಹುಳಿ ಹೆಚ್ಚಾಯಿತೆಂದು ಬೆಟ್ಟದ ಸೀಮೆಯ ಬೆಳೆಗಾರರು ಸುಣ್ಣ ಹಾಕುತ್ತಾರೆ. ಕೆಳಗಿನ ಬಯಲಿನಲ್ಲಿ, ಕೊಳವೆ ಬಾವಿಯ ನೀರು ಹಾಕುವ ಕುಂಡಗಳಲ್ಲಿ ಇದಕ್ಕೆ ಸರಿಯಾಗಿ ತಿರುಗಾಮುರುಗಾ ನಡೆಯುತ್ತದೆ. ನಮ್ಮ ಭಾಗದ ಹಲವು ಬಾವಿಗಳ ನೀರು ಗಡಸು. ಸೋಪು ನೊರೆ ಕೊಡದಿದ್ದರೆ, ಬೇಳೆ ಬೇಗ ಬೇಯದಿದ್ದರೆ, ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಚಕ್ಕೆ ಕಟ್ಟಿದರೆ ಅದು ಗಡಸು ನೀರೆಂದು ತಿಳಿಯಬಹುದು. ಆ ನೀರನ್ನು ದಿನವೂ ಹಾಕಿದರೆ ನಾವು ಕೈಯಾರೆ ಹಾಕದಿದ್ದರೂ ತಟ್ಟೆಯಲ್ಲಿ ಸುಣ್ಣ ಸೇರುತ್ತಾ ಹೋಗುತ್ತದೆ. ಮಣ್ಣು ಕ್ಷಾರವಾಗಿ, ಅದರಲ್ಲಿರುವ ಕಬ್ಬಿಣದ ಅಂಶ ಬೇರಿಗೆ ಸಿಗದಂತಾಗುತ್ತದೆ.

ಇದನ್ನು ಹಸಿವಿನಿಂದ ಬೇರ್ಪಡಿಸಿ ಗುರುತಿಸಲು ಒಂದು ಸುಲಭ ಉಪಾಯವಿದೆ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸದಕ್ಕೆ ಕಳಿಸುತ್ತದೆ, ಆದ್ದರಿಂದ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಕಬ್ಬಿಣವನ್ನು ಹಾಗೆ ಸಾಗಿಸಲಾರದು, ಆದ್ದರಿಂದ ಮೊದಲು ಹಳದಿಯಾಗುವುದು ತುದಿಯ ಹೊಸ ಎಲೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹೊಸ ಎಲೆ ಹಳದಿಯಾದುದಕ್ಕೆ ಯೂರಿಯಾ ಹಾಕುವುದು ದಂಡ. ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ವಾರಕ್ಕೆ ಎರಡು ಮೂರು ಸಲವಾದರೂ ಅದನ್ನು ಹಾಕಬೇಕು, ಸಾರಜನಕಕ್ಕೆ ಯೂರಿಯಾ ಬದಲು ಮಣ್ಣನ್ನು ಹುಳಿಯ ಕಡೆಗೆ ತಿರುಗಿಸುವ ಅಮೋನಿಯಂ ಸಲ್ಫೇಟನ್ನು ಲೀಟರಿಗೆ ಅರ್ಧ ಗ್ರಾಮಿನಂತೆ ಬಳಸಬೇಕು.

ಚೀಲದ ಸಸಿಗಳಿಗೂ ಇದೇ ನಿಯಮ

ಈಗ ಹಿತ್ತಲಿನ ನರ್ಸರಿಗೆ ಬರೋಣ. 15 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಚೀಲದಲ್ಲಿ ತುಂಬಿದ ಮೇಲೆ ಇರುವ ಮಣ್ಣು ಸುಮಾರು ಒಂದೂವರೆ ಲೀಟರ್. ಅಂದರೆ ನಾವು ನೋಡಿದ ಬೋನ್ಸಾಯ್ ತಟ್ಟೆಯ ಅರ್ಧದಷ್ಟು. ಅಡಿಕೆ ಸಸಿ ಒಂದರಿಂದ ಒಂದೂವರೆ ವರ್ಷ ಇಷ್ಟರಲ್ಲೇ ಬದುಕಬೇಕು. ಆದ್ದರಿಂದಲೇ ಚೀಲ ತುಂಬುವ ಮಣ್ಣಿಗೆ ಅಷ್ಟು ಮಹತ್ವ. ಅಡಿಕೆಗೆ ಮೇಲ್ಮಣ್ಣು 7 ಪಾಲು, ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ 3 ಪಾಲು, ಮರಳು 2 ಪಾಲು. ಕಾಫಿಗೆ ಕಾಡು ಮಣ್ಣು 6 ಪಾಲು, ಕೊಟ್ಟಿಗೆ ಗೊಬ್ಬರ 2 ಪಾಲು, ಮರಳು 1 ಪಾಲು. ಬಿಳಿಗಿರಿರಂಗನ ಬೆಟ್ಟದಲ್ಲಿ ಮರದ ನೆರಳಿನಡಿ ಕಾಫಿ ಬೆಳೆಯುವ ಸೋಲಿಗರ ಪೋಡುಗಳ ಸುತ್ತ ಮೇಲ್ಮಣ್ಣೇ ಎಲೆಗೊಬ್ಬರದಿಂದ ಕಪ್ಪಾಗಿರುತ್ತದೆ. ಗುಂಡ್ಲುಪೇಟೆಯ ಕೆಂಪು ಮಣ್ಣು ಹಾಗಲ್ಲ, ಅಲ್ಲಿ ಗೊಬ್ಬರದ ಪಾಲನ್ನು ಕಡಿಮೆ ಮಾಡಿದರೆ ಆಮೇಲೆ ರಸಗೊಬ್ಬರದಿಂದ ಸರಿದೂಗಿಸುವುದು ಕಷ್ಟ.

ಸಸಿ ಬಿಳಿಚಿಕೊಂಡಾಗ ಕಾಫಿ ನರ್ಸರಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪ್ರಮಾಣ ಇದು: 20 ಗ್ರಾಂ ಯೂರಿಯಾವನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಕರಗಿಸಿ ಒಂದು ಚದರ ಮೀಟರ್ ಮಡಿಗೆ ಹಾಕುವುದು. ಅಷ್ಟು ಜಾಗದಲ್ಲಿ ಒತ್ತಾಗಿ ಜೋಡಿಸಿದ ಚೀಲಗಳು ನೂರರ ಆಸುಪಾಸು. ಚೀಲಕ್ಕೆ ಬಿದ್ದ ಯೂರಿಯಾ ಗ್ರಾಮಿನ ಐದನೆಯ ಒಂದು ಭಾಗ, ಒಂದು ಚಿಟಿಕೆಗೂ ಕಡಿಮೆ! ಈ ದ್ರಾವಣ ಬೋನ್ಸಾಯ್‌ಗೆ ಹೇಳಿದ್ದಕ್ಕಿಂತ ಗಾಢವಲ್ಲವೇ ಎಂದು ಕೇಳಬಹುದು. ಗಾಢವೇ ನಿಜ. ಆದರೆ ತಟ್ಟೆಯನ್ನು ಜಿನುಗುವಂತೆ ತೋಯಿಸುತ್ತೇವೆ, ಚೀಲಕ್ಕೆ ಬೀಳುವುದು ಅರ್ಧ ಲೋಟಕ್ಕೂ ಕಡಿಮೆ. ಅದು ಒದ್ದೆ ಮಣ್ಣಿನ ನೀರಿನೊಡನೆ ಬೆರೆತು ತೆಳುವಾಗುತ್ತದೆ. ಅದಕ್ಕಾಗಿಯೇ ಮಣ್ಣು ಹಸಿಯಿರುವಾಗ ಕೊಟ್ಟು, ಕೂಡಲೇ ಎಲೆಯ ಮೇಲೆ ಬರಿಯ ನೀರು ಚಿಮುಕಿಸಿ ತೊಳೆಯಬೇಕು. ಚೀಲಚೀಲಕ್ಕೂ ಬೆರಳಲ್ಲಿ ಹರಳು ಯೂರಿಯಾ ಉದುರಿಸುತ್ತಾ ಹೋಗುವ ಅಭ್ಯಾಸವನ್ನು ಬಿಡಲೇಬೇಕು. ಚಿಟಿಕೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಎರಡರಷ್ಟು ವ್ಯತ್ಯಾಸವಾಗುತ್ತದೆ, ನೀರಿನ ಅಳತೆ ವ್ಯತ್ಯಾಸವಾಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಒಂದು ಸಲದ ಗೊಬ್ಬರವನ್ನು ಮಣ್ಣಿನ ಗಾತ್ರಕ್ಕೆ ತಕ್ಕಂತೆ ಕೊಡಿ, ಮರದ ವಯಸ್ಸಿಗೆ ತಕ್ಕಂತೆ ಅಲ್ಲ.

2. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ, ನೀರಿನಲ್ಲಿ ಕರಗಿಸಿ ಕೊಡಿ.

3. ಒಣ ಮಣ್ಣು, ಹೊಸ ಮಣ್ಣು, ಕಾಯಿಲೆ ಗಿಡ ಈ ಮೂರಕ್ಕೂ ಗೊಬ್ಬರ ಬೇಡ.

4. ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದರೆ, ಅಂಚಿನಲ್ಲಿ ಬಿಳಿ ಪೊರೆ ಕಂಡರೆ, ಬರಿಯ ನೀರಿನಿಂದ ತೊಳೆಯಿರಿ.

5. ಹಳದಿ ಎಲೆ ಕಂಡೊಡನೆ ಹಳೆಯದೋ ಹೊಸದೋ ನೋಡಿ, ಆಮೇಲೆ ಮದ್ದು ಯೋಚಿಸಿ.

6. ತಿಂಗಳಿಗೊಮ್ಮೆ, ಸಾಧ್ಯವಾದರೆ ಮಳೆ ನೀರಿನಿಂದ, ತಟ್ಟೆಯನ್ನು ಚೆನ್ನಾಗಿ ಬಸಿಯುವಂತೆ ತೋಯಿಸಿ.

ತೋಟದಲ್ಲಿ ಒಂದು ಹಿಡಿ ಹೆಚ್ಚಾದರೆ ಭೂಮಿ ತಾಳಿಕೊಳ್ಳುತ್ತದೆ. ತಟ್ಟೆಯೂ ಚೀಲವೂ ತಾಳಿಕೊಳ್ಳುವುದಿಲ್ಲ. ಈ ಸಲ ಸಸಿ ಚೀಲಗಳಿಗೆ ಗೊಬ್ಬರ ಕೊಡುವ ಮುನ್ನ ಸದಸ್ಯರು ಒಂದು ಅಳತೆಯ ಲೋಟವನ್ನೂ ಒಂದು ಬಕೀಟನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.